ಕೋವಿ ಹಿಡಿಯದ ಶಿಕಾರಿ

ಅಟ್ಟದ ಮೇಲಿನ ಕಬ್ಬಿಣದ ಟ್ರಂಕಿನಲ್ಲಿ ಸಿಕ್ಕ ವಿಡಿಯೊ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು. ತೀರ್ಥಹಳ್ಳಿ ಕಡೆಯ ಮಳೆಗಾಲವನ್ನು ಅಷ್ಟೊಂದು ಸಲ ಕಂಡ ಯಾವ ವಸ್ತುವಿಗೆ ತಾನೆ ಹಿಡಿಯುವುದಿಲ್ಲ! ಕಿಟಕಿಯಂಥ ಪ್ಲಾಸ್ಟಿಕ್ಕಿನೊಳಗೆ ಸುತ್ತಿಕೊಂಡ ಕಂದು ಟೇಪಿನ ಅಂಚಿಗೆಲ್ಲ ಬಿಳಿ ಹುಡಿ. ಬೆನ್ನಿಗೆ ಅಂಟಿಸಿದ್ದ ಚೀಟಿ ಮಾತ್ರ ಇನ್ನೂ ಓದುವಂತಿತ್ತು. ನೀಲಿ ಶಾಯಿಯಲ್ಲಿ, ಹನ್ನೆರಡು ವರ್ಷದ ಹುಡುಗನ ಸೊಟ್ಟ ಇಂಗ್ಲಿಷಿನಲ್ಲಿ: ಸ್ಪೈಡರ್‌ಮ್ಯಾನ್, ದಯವಿಟ್ಟು ಅಳಿಸಬೇಡಿ.

ನಾವ್ಯಾರೂ ಅಳಿಸಲಿಲ್ಲ. ಅಳಿಸಿದ್ದರೆ ಮಳೆಯೇ ಅಳಿಸಿರಬೇಕು.

ಅದು ಬಂದದ್ದೂ ಮಳೆಯಲ್ಲೇ, 1997ರ ಜೂನ್ ಕೊನೆಯಲ್ಲಿ. ಅಮೆರಿಕದ ಶಾಲೆಗಳಿಗೆ ರಜೆ ಸಿಗುವ ಹೊತ್ತಿಗೆ ನಮಗೆ ಶಾಲೆ ಶುರುವಾಗಿ ಹಳತಾಗಿರುತ್ತದೆ. ಹಾಗಾಗಿ ನ್ಯೂಜೆರ್ಸಿಯ ಚಿಕ್ಕಪ್ಪನ ಸಂಸಾರ ಯಾವಾಗ ಬಂದರೂ ಜಡಿಮಳೆ, ಕರೆಂಟಿಲ್ಲ, ಜಿಗಣೆ. ಆ ಸಲ ಚಿಕ್ಕಪ್ಪನ ಮಗ ನನಗೆಂದು ಚಾಕೊಲೇಟಿನ ಜೊತೆ ಈ ಟೇಪು ತಂದಿದ್ದ. ಶನಿವಾರ ಬೆಳಗ್ಗೆ ಬೇಗ ಎದ್ದು, ಫಾಕ್ಸ್ ಕಿಡ್ಸ್‌ನಲ್ಲಿ ಬರುತ್ತಿದ್ದ ಸ್ಪೈಡರ್‌ಮ್ಯಾನ್ ಕಾರ್ಟೂನನ್ನು ವಾರಕ್ಕೊಂದರಂತೆ ತಾನೇ ರೆಕಾರ್ಡ್ ಮಾಡಿದ್ದನಂತೆ. ನಡುವಿನ ಜಾಹೀರಾತೂ ಸೇರಿತ್ತು. ಹಾಲಿಗೆ ಹಾಕಿಕೊಂಡು ತಿನ್ನುವ ಬಣ್ಣಬಣ್ಣದ ಕಾಳು, ನೀರು ಚಿಮ್ಮುವ ಬಂದೂಕು, ನಮ್ಮೂರಲ್ಲಿ ಯಾರ ಮನೆಯಲ್ಲೂ ಇಲ್ಲದ ಎಂಥೆಂಥದೋ.

ಟೇಪನ್ನು ನಮ್ಮ ವಿಸಿಆರ್‌ಗೆ ಹಾಕಿದರೆ ಬಣ್ಣವೇ ಇಲ್ಲ! ಅಮೆರಿಕದವರದು ಎನ್‌ಟಿಎಸ್‌ಸಿ ಪದ್ಧತಿ, 525 ಗೆರೆ, ಸೆಕೆಂಡಿಗೆ ಹೆಚ್ಚುಕಡಿಮೆ 30 ಚಿತ್ರ. ನಮ್ಮದು ಪಾಲ್, 625 ಗೆರೆ, 25 ಚಿತ್ರ. ಇದೆಲ್ಲ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಆಗ ಕಂಡದ್ದು ಇಷ್ಟೇ: ಚಿತ್ರ ಕಪ್ಪು ಬಿಳುಪಾಗಿತ್ತು, ಆಗಾಗ ಕೆಳಗಿನಿಂದ ಮೇಲಕ್ಕೆ ಉರುಳುತ್ತಿತ್ತು, ಟಿವಿಯ ಹಿಂದಿನ ತಿರುಪನ್ನು ಯಾರಾದರೊಬ್ಬರು ಹಿಡಿದುಕೊಂಡೇ ಇರಬೇಕಿತ್ತು. ಚಿಕ್ಕಪ್ಪನ ಮಗನಿಗೆ ಅಳುವೇ ಬಂತು. ಸ್ಪೈಡರ್‌ಮ್ಯಾನನ ಕೆಂಪು ನೀಲಿ ನಮಗೆ ಕಾಣಿಸಲಿಲ್ಲವಲ್ಲ ಎಂದು. ನನಗೇನೂ ಅನ್ನಿಸಲಿಲ್ಲ. ಅಜ್ಜನಿಗಂತೂ ಅದೇ ಸರಿಹೋಯಿತು. ಬಣ್ಣದ ಟಿವಿ ಕಣ್ಣಿಗೆ ಚುಚ್ಚುತ್ತದೆ ಎಂದು ಅವರು ಮೊದಲಿಂದಲೂ ಹೇಳುತ್ತಿದ್ದರು.

ಆ ಟೇಪಿನ ಎರಡನೆಯ ಕತೆಯಲ್ಲಿ ಕ್ರೇವನ್ ಬಂದ.

ಸ್ಪೈಡರ್‌ಮ್ಯಾನಿಗೆ ವೈರಿಗಳೇನು ಕಡಿಮೆಯೇ? ಬೆನ್ನಿಗೆ ಕಬ್ಬಿಣದ ತೋಳು ಕಟ್ಟಿಕೊಂಡ ವಿಜ್ಞಾನಿ, ಹಲ್ಲಿಯಾಗುವ ಮೇಷ್ಟ್ರು, ಹಾರುವ ಮುದುಕ. ಎಲ್ಲರದೂ ಒಂದೊಂದು ಯಂತ್ರ, ಒಂದೊಂದು ಅಪಘಾತ. ಅವರ ನಡುವೆ ಈತನೊಬ್ಬ ಬರಿಗೈಯಲ್ಲಿ ಬಂದವನು. ಎದೆಗೆ ಸಿಂಹದ ಮುಖದ ತೊಗಲಂಗಿ, ಕಾಲಿಗೆ ಚಿರತೆ ಚುಕ್ಕೆಯ ಚಲ್ಲಣ. ನ್ಯೂಯಾರ್ಕಿನ ಗಗನಚುಂಬಿಗಳ ನಡುವೆ ಮೊಣಕಾಲೂರಿ ಕೂತು ಗಾಳಿಯನ್ನು ಮೂಸಿ ನೋಡುತ್ತಾನೆ. ಅದನ್ನು ಕಂಡದ್ದೇ ಅಜ್ಜ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

‘ಇವ ಯಾರು?’

‘ಬೇಟೆಗಾರ, ಅಜ್ಜ. ವಿಲನ್ನು.’

‘ಶಿಕಾರಿಯವನಾ? ಕೋವಿ ಎಲ್ಲಿ ಮತ್ತೆ?’

‘ಅವನ ಹತ್ರ ಕೋವಿ ಇಲ್ಲ.’

ಅಜ್ಜ ಸ್ವಲ್ಪ ಹೊತ್ತು ಸುಮ್ಮನೆ ನೋಡಿ, ‘ಗಾಳಿ ಯಾವ ಕಡೆಯಿಂದ ಬತ್ತದೆ ಅಂತ ನೋಡಿಯೇ ಕೂತಿದ್ದಾನೆ. ಗೊತ್ತಿರೋ ಜನ ಇದು’ ಎಂದರು.

ಅಜ್ಜನ ಮಟ್ಟಿಗೆ ಅದು ದೊಡ್ಡ ಮಾತು. ಅವರ ಕಾಲದಲ್ಲಿ ಶಿಕಾರಿ ಮನೆಯ ಹಬ್ಬದ ಲೆಕ್ಕ. ಹಳು ಸೋವುವವರು ಒಂದು ಕಡೆ, ಬಿಲ್ಲಿಗೆ ನಿಲ್ಲುವವರು ಇನ್ನೊಂದು ಕಡೆ, ನಾಯಿಗಳಿಗೆ ಒಂದೊಂದಕ್ಕೂ ಹೆಸರು, ಪಾಲು ಹಾಕುವುದಕ್ಕೆ ಕ್ರಮ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಿಲ್ಲಿಸಿದೆ ಎನ್ನುತ್ತಿದ್ದರು. ಅದು ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ನಾನು ಕಾಣುವ ಹೊತ್ತಿಗೆ ಕೋವಿ ಬೆಳೆ ಕಾಯುವ ಲೈಸೆನ್ಸಿನದ್ದಾಗಿ ಪಡಸಾಲೆಯ ಗೂಟಕ್ಕೆ ನೇತಾಡುತ್ತಿತ್ತು. ಎಲೆಕ್ಷನ್ ಬಂದಾಗಲೆಲ್ಲ ಪೊಲೀಸ್ ಸ್ಟೇಷನ್ನಿಗೆ ಹೋಗಿ ಅಲ್ಲಿ ಕೆಲವು ದಿನ ಇದ್ದು ಬರುತ್ತಿತ್ತು. ಶಿಕಾರಿ ಹೋದದ್ದಕ್ಕೆ ನನಗೆ ಒಂದಿಷ್ಟೂ ಬೇಸರವಿಲ್ಲ, ಅದು ಹೋಗಬೇಕಾದದ್ದೇ. ಆದರೆ ಅಜ್ಜನ ಬಾಯಲ್ಲಿ ಶಿಕಾರಿಗಿಂತ ಹೆಚ್ಚಾಗಿ ಬರುತ್ತಿದ್ದುದು ಶಿಕಾರಿಯಲ್ಲಿ ಮಾಡಬಾರದ ಕೆಲಸಗಳು. ನೀರಿಗೆ ಬಂದದ್ದಕ್ಕೆ ಈಡು ಹಾಕಬಾರದು. ಬಸುರಿಗೆ ಹಾಕಬಾರದು. ಗಾಯವಾದದ್ದನ್ನು ಬಿಟ್ಟು ಮನೆಗೆ ಬರಬಾರದು, ರಾತ್ರಿಯಾದರೂ ಸರಿ, ರಕ್ತದ ಜಾಡು ಹಿಡಿದು ಹೋಗಿ ಮುಗಿಸಿಯೇ ಬರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಜೀಪಿನ ಲೈಟು ಬಿಟ್ಟು, ಟಾರ್ಚು ಬಿಟ್ಟು, ಕಣ್ಣು ಕೋರೈಸಿ ನಿಂತದ್ದನ್ನು ಹೊಡೆಯುವವನು ಶಿಕಾರಿಯವನೇ ಅಲ್ಲ, ಕಟುಕ. ‘ಟಾರ್ಚಿನವ’ ಎಂಬುದು ಅಜ್ಜನ ಬಾಯಲ್ಲಿ ಬೈಗುಳವಾಗಿತ್ತು. ಊರಿನ ಒಬ್ಬಿಬ್ಬರು ರಾಜಕಾರಣಿಗಳಿಗೂ ಅದನ್ನೇ ಬಳಸುತ್ತಿದ್ದರು.

ಕ್ರೇವನ್‌ನ ಆ ಕತೆ ಹೀಗೆ. ಸೆರ್ಗೆಯ್ ಕ್ರಾವಿನಾಫ್ ಎಂಬ ಬೇಟೆಗಾರ ಮರಿಯಾ ಕ್ರಾಫರ್ಡ್ ಎಂಬ ವೈದ್ಯೆಯನ್ನು ಪ್ರೀತಿಸಿದ್ದ. ಆಫ್ರಿಕಾದ ಕಾಡಿನಲ್ಲಿ ಮೃಗಗಳಿಂದ ಅವಳನ್ನು ಉಳಿಸಲು ಹೋಗಿ ತಾನೇ ಸಾವಿನ ಬಾಗಿಲಿಗೆ ಹೋಗುತ್ತಾನೆ. ಅವಳು ಇನ್ನೂ ಪರೀಕ್ಷೆಯಾಗದ ಮದ್ದೊಂದನ್ನು ಅವನಿಗೆ ಕೊಡುತ್ತಾಳೆ. ಜೀವ ಉಳಿಯುತ್ತದೆ, ಮೈಗೆ ಮೃಗದ ಬಲ ಬರುತ್ತದೆ, ಬುದ್ಧಿ ಮಾತ್ರ ಕದಡಿಹೋಗುತ್ತದೆ. ಆ ಕದಡಿದ ಬುದ್ಧಿಯಲ್ಲಿ ಪತ್ರಿಕೆಯ ಸಂಪಾದಕ ರಾಬಿ ರಾಬರ್ಟ್‌ಸನ್‌ನನ್ನು ಬೇಟೆಯಾಡಲು ನ್ಯೂಯಾರ್ಕಿಗೆ ಬರುತ್ತಾನೆ. ಸ್ಪೈಡರ್‌ಮ್ಯಾನ್ ಅಡ್ಡ ಬರುತ್ತಾನೆ. ಕೊನೆಗೆ ಕ್ರೇವನ್‌ನನ್ನು ಸೋಲಿಸುವುದು ಗುದ್ದಾಟವಲ್ಲ, ಮರಿಯಾ ತಂದ ಪ್ರತಿಮದ್ದು. ಅದು ಮೈಗೆ ಸೇರಿದ ಮೇಲೆ ಎದ್ದು ನಿಲ್ಲುವ ಮನುಷ್ಯ ಬೇರೆಯೇ. ಅವನು ನಾಚುತ್ತಾನೆ. ಕಾರ್ಟೂನಿನ ಖಳ ನಾಚಿದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು.

ಕಂಠ ಗ್ರೆಗ್ ಬರ್ಗರ್ ಎಂಬ ಕಲಾವಿದನದು. ಗಾರ್ಫೀಲ್ಡ್ ಬೆಕ್ಕಿನ ಕಾರ್ಟೂನಿನಲ್ಲಿ ಬರೀ ಬೊಗಳುವ ಓಡಿ ನಾಯಿಯ ದನಿಯೂ ಇವರದೇ ಎಂದು ಮುಂದೊಮ್ಮೆ ತಿಳಿದಾಗ ಒಂದು ದಿನವಿಡೀ ನಕ್ಕಿದ್ದೆ. ಆದರೂ ಆ ದನಿಯ ತೂಕ ಕಿವಿಯಿಂದ ಹೋಗಿಲ್ಲ. ಉಳಿದ ಖಳರು ಕಿರುಚಿಕೊಂಡು ಮಾತಾಡುವಲ್ಲಿ ಈತ ನಿಧಾನವಾಗಿ, ಮಾತಿಗೆ ಬೆಲೆಯುಂಟೆಂದು ತಿಳಿದವನ ಹಾಗೆ ಆಡುತ್ತಾನೆ. ನನಗೆ ಇಂಗ್ಲಿಷು ಅರ್ಧ ತಿಳಿಯುತ್ತಿತ್ತು, ಅಜ್ಜನಿಗೆ ಒಂದಕ್ಷರವೂ ಇಲ್ಲ. ಆದರೂ ಅವರು ದನಿಯ ಮೇಲೇ ತೀರ್ಮಾನ ಮಾಡಿಬಿಟ್ಟಿದ್ದರು.

ಟೇಪಿನ ಕೊನೆಯ ಕತೆ ‘ಬೇಟೆಗಾರರ ದ್ವಂದ್ವ’. ಅದು ಆ ಸರಣಿಯ ಎರಡನೆಯ ವರ್ಷದ ದೀರ್ಘ ಕಥಾಮಾಲೆಯ ಒಂದು ಎಸಳು. ಸ್ಪೈಡರ್‌ಮ್ಯಾನ್ ವೇಷದೊಳಗಿನ ಹುಡುಗ ಪೀಟರ್ ಪಾರ್ಕರನ ಮೈಯೊಳಗಿನ ಜೇಡದ ಅಂಶ ಮೇಲುಗೈ ಪಡೆದು, ಅವನು ಆರು ತೋಳಿನ, ರೋಮ ಮುಚ್ಚಿದ ದೈತ್ಯ ಜೇಡವಾಗಿಬಿಡುತ್ತಾನೆ. ಮನುಷ್ಯನೆಂಬ ಗುರುತೇ ಉಳಿದಿಲ್ಲ. ಆ ಮೃಗವನ್ನು ಇಬ್ಬರು ಹುಡುಕಿ ಹೊರಡುತ್ತಾರೆ. ಒಬ್ಬ ಪನಿಷರ್, ಸಂಸಾರವನ್ನು ಕಳೆದುಕೊಂಡು ಲೋಕದ ಅಪರಾಧಿಗಳನ್ನೆಲ್ಲ ಮುಗಿಸಲು ಹೊರಟವನು. ಇನ್ನೊಬ್ಬ ಕ್ರೇವನ್. ಮರಿಯಾ ಅವನನ್ನು ಕರೆಸಿರುವುದು ಮದ್ದು ಕೊಡಲು ಸಾಧ್ಯವಾಗುವಂತೆ ಸ್ಪೈಡರ್‌ಮ್ಯಾನನನ್ನು ಜೀವಂತ ಹಿಡಿದು ತರಲೆಂದು. ಅಂದರೆ ಇಲ್ಲಿ ಒಳ್ಳೆಯವರ ಸಾಲಿನಲ್ಲಿ ನಿಲ್ಲಬೇಕಾದವನು ಕೊಲ್ಲಲು ಹೊರಟಿದ್ದಾನೆ, ಹಳೆಯ ವೈರಿ ಉಳಿಸಲು ಹೊರಟಿದ್ದಾನೆ.

ಪನಿಷರನ ಆಯುಧದಿಂದ ಬೆಳಕಿನ ಗೆರೆಗಳು ಹೊರಟವು. ಕಪ್ಪು ಬಿಳುಪಿನಲ್ಲಿ ಅದು ಅಜ್ಜನಿಗೆ ಹೇಗೆ ಕಾಣಬೇಕೋ ಹಾಗೇ ಕಂಡಿತು.

‘ಥೂ, ಟಾರ್ಚಿನವ.’

ಅಲ್ಲಿಂದ ಮುಂದೆ ಅಜ್ಜ ಪೂರ್ತಿ ಕ್ರೇವನ್ ಕಡೆ. ಇಬ್ಬರು ಬೇಟೆಗಾರರೂ ಎದುರುಬದುರಾದರು. ಕ್ರೇವನ್ ಮತ್ತೆ ತಲೆಯೆತ್ತಿ ಗಾಳಿ ಮೂಸಿದ. ಅಷ್ಟರಲ್ಲಿ ಟೇಪು ಮುಗಿಯಿತು. ಎರಡು ಗಂಟೆಯ ಟೇಪಿನಲ್ಲಿ ಜಾಹೀರಾತುಗಳು ತಿಂದದ್ದು ಹೋಗಿ ಉಳಿದದ್ದು ಅಷ್ಟೇ. ಪರದೆಯ ತುಂಬ ಚುಕ್ಕಿಗಳು, ಮಳೆಯ ಸದ್ದಿನಂಥದೇ ಸದ್ದು.

‘ಮುಂದೆ ಎಂಥ ಆಯ್ತು?’ ಎಂದು ಅಜ್ಜ ನ್ಯೂಜೆರ್ಸಿಯ ಮೊಮ್ಮಗನನ್ನು ಕೇಳಿದರು. ಅವನು ಆ ಶನಿವಾರ ಟೇಪು ಹಾಕಿಟ್ಟು ಫುಟ್‌ಬಾಲಿಗೆ ಹೋಗಿದ್ದನಂತೆ. ಗೊತ್ತಿಲ್ಲ ಅಂದ. ಅಜ್ಜ ತಾವೇ ತೀರ್ಪು ಕೊಟ್ಟರು: ‘ಇವ ಹೊಡಿಯಲ್ಲ ಕಣೋ. ಹಿಡ್ಕಂಡು ಬತ್ತಾನೆ.’

ಆಮೇಲಿನ ವರ್ಷ ಎರಡು ವರ್ಷ ಇದು ಮನೆಯಲ್ಲಿ ತಮಾಷೆಯ ವಿಷಯವಾಯಿತು. ಭಾನುವಾರ ಅಮೆರಿಕದಿಂದ ಫೋನ್ ಬರುತ್ತಿತ್ತು. ಒಂದೊಂದು ನಿಮಿಷಕ್ಕೂ ದುಡ್ಡು, ಎಲ್ಲರೂ ಸಾಲು ನಿಂತು ಆರಾಮಾ, ಆರಾಮು ಎಂದು ಕೂಗಿ ಮುಂದಿನವರಿಗೆ ರಿಸೀವರ್ ಕೊಡಬೇಕು. ಅಜ್ಜ ತಮ್ಮ ಪಾಲಿನ ನಿಮಿಷದಲ್ಲಿ ಮಗನನ್ನು ಕೇಳುತ್ತಿದ್ದುದು, ‘ಆ ಶಿಕಾರಿಯವ ಅದನ್ನ ಹಿಡಿದನಾ ಅಂತ ಹುಡುಗನ್ನ ಕೇಳಿ ಹೇಳು.’ ಚಿಕ್ಕಪ್ಪನಿಗೆ ತಲೆಬುಡ ತಿಳಿಯದೆ ಅಪ್ಪನಿಗೆ ಅರಳುಮರಳೇ ಎಂಬ ಅನುಮಾನ ಬಂದಿತ್ತೆಂದು ಚಿಕ್ಕಮ್ಮ ಆಮೇಲೆ ಹೇಳಿದ್ದುಂಟು. ಉತ್ತರ ಬರಲೇ ಇಲ್ಲ. ಅಜ್ಜ 2003ರಲ್ಲಿ ಹೋದರು. ಅಪ್ಪ ಕೋವಿಯನ್ನು ಸರ್ಕಾರಕ್ಕೆ ಒಪ್ಪಿಸಿ ಬಂದರು. ಗೂಟದಲ್ಲಿ ಈಗ ಕೊಡೆ ನೇತಾಡುತ್ತದೆ.

ನಾನು ಉತ್ತರ ನೋಡಿದ್ದು ಬೆಂಗಳೂರಿನಲ್ಲಿ, ಮೊಬೈಲಿನ ಪರದೆಯ ಮೇಲೆ, ಬಸ್ಸಿನಲ್ಲಿ ಕೂತು. ಈಗ ಆ 65 ಕಂತುಗಳೂ ಬೆರಳ ತುದಿಯಲ್ಲಿವೆ. ಅಜ್ಜನ ತೀರ್ಪು ಸರಿಯಿತ್ತು. ಮದ್ದು ಜೇಡದ ಮೈ ಸೇರುತ್ತದೆ, ಪೀಟರ್ ಮನುಷ್ಯನಾಗುತ್ತಾನೆ. ಕ್ರೇವನ್ ಹೊಡೆಯುವುದಿಲ್ಲ. ನೋಡಿ ಮುಗಿಸುವಷ್ಟರಲ್ಲಿ ನನ್ನ ಸ್ಟಾಪು ದಾಟಿಹೋಗಿತ್ತು.

ಅಲ್ಲಿಂದ ಈ ಮನುಷ್ಯನ ಬೆನ್ನು ಬಿದ್ದೆ. ಬೇಟೆಗಾರನದೇ ಜಾಡು ಹಿಡಿಯುವುದರಲ್ಲಿ ಒಂದು ಮಜವಿದೆ. ಕ್ರೇವನ್ ಹುಟ್ಟಿದ್ದು 1964ರಲ್ಲಿ, ‘ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್’ ಕಾಮಿಕ್ಸಿನ 15ನೆಯ ಸಂಚಿಕೆಯಲ್ಲಿ, ಸ್ಟಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಕೈಯಲ್ಲಿ. ಕ್ರಾಂತಿಯಲ್ಲಿ ಎಲ್ಲ ಕಳೆದುಕೊಂಡ ರಷ್ಯದ ಸಿರಿವಂತ ಮನೆತನದ ಕುಡಿ. ಆನೆ, ಹುಲಿ, ಸಿಂಹ ಎಲ್ಲ ಮುಗಿದು, ಇನ್ನು ಎದುರಿಸಲು ತಕ್ಕ ಮೃಗವೇ ಇಲ್ಲವೆಂದು ಬೇಸರ ಬಂದವನು. ಕೋವಿ ಹಿಡಿಯುವುದು ಅವನಿಗೆ ಅವಮಾನ. ಕೈ, ಬಲೆ, ಗಿಡಮೂಲಿಕೆಯ ಮದ್ದು ಇಷ್ಟೇ ಸಾಮಾನು. ಗಿಡಮೂಲಿಕೆಯ ಮದ್ದು ಕುಡಿದು ಬಲ ತಂದುಕೊಳ್ಳುವುದು ಯಾವ ಸೀಮೆಯ ಮರ್ಯಾದೆ ಎಂದು ನೀವು ಕೇಳಬಹುದು, ನಾನೂ ಕೇಳಿಕೊಂಡಿದ್ದೇನೆ. ಖಳನ ಮರ್ಯಾದೆಯಲ್ಲಿ ಒಂದು ತೂತು ಇದ್ದೇ ಇರುತ್ತದೆ, ಇಲ್ಲದಿದ್ದರೆ ಅವನು ಖಳನಾಗುವುದು ಹೇಗೆ?

ಅವನಿಗಿಂತ ನಲವತ್ತು ವರ್ಷ ಹಿಂದೆ, 1924ರಲ್ಲಿ, ರಿಚರ್ಡ್ ಕನೆಲ್ ಎಂಬ ಅಮೆರಿಕನ್ ಲೇಖಕ ಒಂದು ಸಣ್ಣಕತೆ ಬರೆದಿದ್ದ. ಅದರಲ್ಲಿ ಜನರಲ್ ಜರಾಫ್ ಎಂಬ ರಷ್ಯದ ಕಸಾಕ್ ಬೇಟೆಗಾರ ದ್ವೀಪವೊಂದರಲ್ಲಿ ಕೂತು ಮನುಷ್ಯರನ್ನು ಬೇಟೆಯಾಡುತ್ತಾನೆ. ಸಿಕ್ಕವನಿಗೆ ಒಂದು ಚೂರಿ, ಒಂದಿಷ್ಟು ಆಹಾರ, ಮೂರು ದಿನ. ಮೂರು ದಿನ ತಪ್ಪಿಸಿಕೊಂಡರೆ ಬಿಡುಗಡೆ. ಊಟದ ಮೇಜಿನಲ್ಲಿ ಆತ ಮಹಾ ಸಂಭಾವಿತ. ಕ್ರೇವನ್ ಈ ಜರಾಫನ ವಂಶದವನೆಂದೇ ನನ್ನ ಎಣಿಕೆ. ಆದರೆ ಇಬ್ಬರಿಗೂ ಒಂದು ವ್ಯತ್ಯಾಸವುಂಟು. ಜರಾಫನಿಗೆ ನಿಯಮಗಳು ಆಟದ ರುಚಿ ಹೆಚ್ಚಿಸುವ ಉಪ್ಪಿನಕಾಯಿ. ಕ್ರೇವನ್‌ಗೆ, ಅವನ ಒಳ್ಳೆಯ ಕತೆಗಳಲ್ಲಾದರೂ, ನಿಯಮವೇ ಊಟ.

ಆ ಒಳ್ಳೆಯ ಕತೆಗಳಲ್ಲೆಲ್ಲ ದೊಡ್ಡದು 1987ರದು, ‘ಕ್ರೇವನ್ಸ್ ಲಾಸ್ಟ್ ಹಂಟ್’. ಜೆ. ಎಂ. ಡಿಮ್ಯಾಟಿಸ್ ಬರೆದದ್ದು, ಮೈಕ್ ಝೆಕ್ ಚಿತ್ರಿಸಿದ್ದು. ಮೂರು ಬೇರೆ ಬೇರೆ ಸ್ಪೈಡರ್‌ಮ್ಯಾನ್ ಪತ್ರಿಕೆಗಳಲ್ಲಿ ಎರಡೆರಡು ಕಂತಾಗಿ ಹರಿದ ಆರು ಭಾಗದ ಕತೆ. ಸ್ವಾರಸ್ಯವೆಂದರೆ ಡಿಮ್ಯಾಟಿಸ್ ಆ ಕತೆಯ ಬೀಜವನ್ನು ಮೊದಲು ಬೇರೆ ಪಾತ್ರಗಳಿಗೆ ಹೊಂದಿಸಲು ನೋಡಿದ್ದರು. ಬ್ಯಾಟ್‌ಮ್ಯಾನ್ ಬಳಿಯೂ ಹೋಗಿ ಒಪ್ಪಿಗೆ ಸಿಗದೆ ವಾಪಸಾಗಿದ್ದರು. ಕಡೆಗೆ ಅದು ಬಂದು ನಿಂತದ್ದು, ಅಷ್ಟು ಹೊತ್ತಿಗೆ ಎರಡನೆಯ ದರ್ಜೆಯ ಖಳನೆಂದು ಮೂಲೆ ಸೇರಿದ್ದ ಕ್ರೇವನ್ ಹತ್ತಿರ. ಮುಪ್ಪಿನ ಅಂಚಿಗೆ ಬಂದ ಬೇಟೆಗಾರ ಸ್ಪೈಡರ್‌ಮ್ಯಾನನನ್ನು ಕೋವಿಯಿಂದಲೇ ಹೊಡೆದು ಕೆಡವಿ ಜೀವಂತ ಹೂಳುತ್ತಾನೆ. ಎರಡು ವಾರ ಮಣ್ಣಿನಡಿ. ಅಷ್ಟು ದಿನ ತಾನೇ ಅವನ ವೇಷ ತೊಟ್ಟು ಊರು ಕಾಯುತ್ತಾನೆ. ಸ್ಪೈಡರ್‌ಮ್ಯಾನ್ ಹಿಂದೊಮ್ಮೆ ಇನ್ನೊಬ್ಬ ವೀರನ ನೆರವಿನಿಂದಷ್ಟೇ ಗೆದ್ದಿದ್ದ ವರ್ಮಿನ್ ಎಂಬ ಜೀವಿಯನ್ನು ಈತ ಒಬ್ಬನೇ ಹಿಡಿಯುತ್ತಾನೆ. ಗೆದ್ದೆ ಎಂದು ತನಗೆ ತಾನೇ ಖಾತ್ರಿ ಮಾಡಿಕೊಂಡಾದ ಮೇಲೆ, ಮಣ್ಣಿನಿಂದೆದ್ದು ಬಂದ ವೈರಿಯ ಮೇಲೆ ಕೈ ಎತ್ತುವುದೇ ಇಲ್ಲ. ಲೆಕ್ಕ ಮುಗಿಯಿತು. ಕೋವಿ ಹಿಡಿಯುವುದೇ ಅವಮಾನವೆಂದವನು ಆಗ ಮತ್ತೆ ಕೋವಿ ತೆಗೆದುಕೊಳ್ಳುತ್ತಾನೆ, ಈ ಸಲ ತನ್ನನ್ನು ಮುಗಿಸಿಕೊಳ್ಳಲು. ಮಕ್ಕಳ ಕಾಮಿಕ್ಸೆಂದು ಓದಲು ಕೂತ ನಾನು ಆ ಪುಟದಲ್ಲಿ ಎದ್ದು ಹೋಗಿ ನೀರು ಕುಡಿದು ಬಂದೆ.

ಶನಿವಾರದ ಕಾರ್ಟೂನಿನಲ್ಲಿ ಇದನ್ನೆಲ್ಲ ತೋರಿಸುವುದುಂಟೇ? ನನ್ನ ನೆನಪಿನ ಕ್ರೇವನ್‌ನ ಮರ್ಯಾದೆ ಎಲ್ಲಿಂದ ಬಂತೆಂಬುದು ಇಲ್ಲೇ ತಿಳಿದದ್ದು. ತಿಳಿದಾಗ ಸ್ವಲ್ಪ ಪಿಚ್ಚೆನ್ನಿಸಿತು. 1994ರ ನವೆಂಬರಿನಿಂದ 1998ರ ಜನವರಿಯವರೆಗೆ ಬಂದ ಆ ಸರಣಿಯ ಮೇಲೆ ವಾಹಿನಿಯ ಕಟ್ಟುನಿಟ್ಟು ಬಹಳ ಬಿಗಿಯಾಗಿತ್ತು. ಸ್ಪೈಡರ್‌ಮ್ಯಾನ್ ಮುಷ್ಟಿ ಕಟ್ಟಿ ಗುದ್ದುವುದು ಅಪರೂಪಕ್ಕೊಮ್ಮೆ. ಗುಂಡು ಹಾರುವ ಬಂದೂಕಿಲ್ಲ, ಪೊಲೀಸರ ಕೈಯಲ್ಲೂ ಲೇಸರು. ಅಜ್ಜನ ‘ಟಾರ್ಚು’ ಎಲ್ಲಿಂದ ಬಂತೆಂದು ಈಗ ಗೊತ್ತಾಯಿತಲ್ಲ. ಸಾವು, ಕೊಲೆ ಎಂಬ ಮಾತುಗಳನ್ನು ಸುತ್ತಿ ಬಳಸಿ ಆಡಬೇಕು. ಮಾರ್ಬಿಯಸ್ ಎಂಬ ರಕ್ತಪಿಪಾಸು ಹಲ್ಲಿನಿಂದ ಕಚ್ಚುವ ಹಾಗಿಲ್ಲ, ಅಂಗೈಯಲ್ಲಿರುವ ಬಾಯಿಗಳಿಂದ ಹೀರಬೇಕು, ಅದನ್ನೂ ರಕ್ತವೆನ್ನದೆ ಪ್ಲಾಸ್ಮಾ ಎನ್ನಬೇಕು. ನಿರ್ಮಾಪಕ ಹಾಗೂ ಕಥಾ ಸಂಪಾದಕ ಜಾನ್ ಸೆಂಪರ್ ತಂಡ ಇಷ್ಟೆಲ್ಲ ಬೇಲಿಗಳೊಳಗೆ ಕತೆ ಹೇಳಬೇಕಿತ್ತು. ಅಂಥ ಜಾಗಕ್ಕೆ ಬೇಟೆಗಾರನನ್ನು ತಂದರೆ ಅವನು ಮಾಡುವುದಾದರೂ ಏನು? ಕೊಲ್ಲುವ ಹಾಗಿಲ್ಲ, ಕೊಲ್ಲುತ್ತೇನೆ ಎನ್ನುವ ಹಾಗೂ ಇಲ್ಲ. ಉಳಿಯುವುದು ಜಾಡು, ಹೊಂಚು, ತಾಳ್ಮೆ, ಕೈ ತಡೆಯುವ ಸಂಯಮ. ನಾನೂ ಅಜ್ಜನೂ ಮರ್ಯಾದೆ ಎಂದು ತಿಳಿದದ್ದರಲ್ಲಿ ಅರ್ಧ ಪಾಲು ವಾಹಿನಿಯ ಕತ್ತರಿಯದು.

ಎಷ್ಟೋ ದಿನ ಇದು ಮನಸ್ಸಿನಲ್ಲಿ ಮುಳ್ಳಾಗಿತ್ತು. ಆಮೇಲೆ ಅಜ್ಜನ ನಿಯಮಗಳೂ ಹಾಗೇ ಅಲ್ಲವೇ ಅನ್ನಿಸಿತು. ಬಸುರಿಯನ್ನು ಹೊಡೆದರೆ ಮುಂದಿನ ವರ್ಷ ಕಾಡಿನಲ್ಲಿ ಏನಿರುತ್ತದೆ? ಗಾಯಗೊಂಡ ಹಂದಿಯನ್ನು ಬಿಟ್ಟು ಬಂದರೆ ಮರುದಿನ ಸೊಪ್ಪಿಗೆ ಹೋದವರ ಗತಿಯೇನು? ಲೆಕ್ಕಾಚಾರದಿಂದ ಹುಟ್ಟಿದ್ದು ನಡೆಯುತ್ತ ನಡೆಯುತ್ತ ಮರ್ಯಾದೆಯಾಗಿತ್ತು. ಬೇಲಿ ಯಾರು ಹಾಕಿದರೆಂಬುದು ಬೇಲಿಯೊಳಗೆ ಬೆಳೆದ ಗಿಡಕ್ಕೆ ಗೊತ್ತಿರಬೇಕೆಂದಿಲ್ಲ. ಆ ಸರಣಿಯವರೂ ಕತ್ತರಿಗೆ ಹೆದರಿ ಸುಮ್ಮನಾಗಲಿಲ್ಲ. ಮುಂದೊಂದು ಕಂತಿನಲ್ಲಿ ಕ್ರೇವನ್ ಮತ್ತೆ ಬಂದಾಗ ಪಾತ್ರಗಳೇ ಅದಲುಬದಲು. ಈಗ ಸಾವಿನಂಚಿನಲ್ಲಿರುವವಳು ಮರಿಯಾ, ಉಳಿಸಿದ ಮದ್ದೇ ಅವಳನ್ನು ಮೃಗವಾಗಿಸಿದೆ, ತನಗಾದದ್ದು ಅವಳಿಗೂ ಆಯಿತಲ್ಲ ಎಂದು ಹುಡುಕುತ್ತ ಅಲೆಯುವವನು ಅವನು. ಊರಿನವರ ಕಣ್ಣಿಗೆ ಅವನು ಆಗಲೂ ಖಳನೇ.

ಆ ಕ್ರೇವನ್ ಈಗ ಇಲ್ಲ. ಹೆಸರೇನೋ ಇದೆ, ಮೊದಲಿಗಿಂತ ಹೆಚ್ಚಾಗಿಯೇ ಇದೆ. 2008ರ ‘ದಿ ಸ್ಪೆಕ್ಟ್ಯಾಕ್ಯುಲರ್ ಸ್ಪೈಡರ್‌ಮ್ಯಾನ್’ ಕಾರ್ಟೂನು ಬಹಳ ಒಳ್ಳೆಯದು, 26 ಕಂತಿಗೆ ನಿಂತದ್ದು ಅನ್ಯಾಯ. ಆದರೆ ಅದರಲ್ಲಿ ಕ್ರೇವನ್ ತಾನೇ ಅರ್ಧ ಸಿಂಹವಾಗಿಬಿಡುತ್ತಾನೆ, ಮೈಗೆ ಕೂದಲು, ಬಾಯಿಗೆ ಕೋರೆ. ಸಿಂಹವನ್ನು ಬರಿಗೈಯಲ್ಲಿ ಹಿಡಿಯುವವನಿಗೂ ಸಿಂಹಕ್ಕೂ ವ್ಯತ್ಯಾಸ ಬೇಡವೇ? ಕಾಮಿಕ್ಸಿನಲ್ಲಿ, 1987ರಲ್ಲಿ ಅಷ್ಟು ಘನವಾಗಿ ಹೋದವನನ್ನು 2010ರಲ್ಲಿ ಎಬ್ಬಿಸಿ ತಂದರು, 2019ರಲ್ಲಿ ಮತ್ತೆ ಸಾಯಿಸಿದರು. ಸತ್ತವರನ್ನು ಮಲಗಲು ಬಿಡದ ವ್ಯಾಪಾರ ಅದು. 2023ರ ವಿಡಿಯೊ ಗೇಮಿನಲ್ಲಿ ರೋಗದಿಂದ ಸಾಯುತ್ತಿರುವ ಕ್ರೇವನ್ ತನ್ನನ್ನು ಕೊಲ್ಲಲು ಯೋಗ್ಯನಾದವನನ್ನು ಹುಡುಕಿಕೊಂಡು ಬರುತ್ತಾನೆ. ಬೀಜ ಹಳೆಯದೇ, ಹೊಲದ ತುಂಬ ಮಾತ್ರ ಹೆಣ. ಇವುಗಳ ನಡುವೆ 2015ರ ‘ಸ್ಕ್ವಿರಲ್ ಗರ್ಲ್’ ಕಾಮಿಕ್ಸ್ ಒಂದೇ ನನಗೆ ಇಷ್ಟವಾದದ್ದು. ಅದರಲ್ಲಿ ಅಳಿಲಿನ ಬಾಲದ ಹುಡುಗಿಯೊಬ್ಬಳು ಅವನನ್ನು ಹೊಡೆದು ಗೆಲ್ಲುವುದಿಲ್ಲ. ನಿನ್ನಂಥವನು ಸಮುದ್ರದ ದೈತ್ಯಗಳ ಬೇಟೆಗೆ ಹೋಗಬೇಕಪ್ಪ ಎಂದು ಪುಸಲಾಯಿಸಿ ಕಳಿಸಿಬಿಡುತ್ತಾಳೆ. ಅವನೂ ಹೌದಲ್ಲ ಎಂದು ಹೊರಡುತ್ತಾನೆ. ಅಜ್ಜಿಯರು ಪೋಲಿ ಎತ್ತನ್ನು ದಾರಿಗೆ ತರುವ ಹಾಗೆ.

2024ರ ಡಿಸೆಂಬರಿನಲ್ಲಿ ಅವನದೇ ಹೆಸರಿನ ಸಿನಿಮಾ ಬಂತು. ನಮ್ಮಲ್ಲಿ ತೆರೆಕಂಡ ಮೊದಲ ದಿನವೇ ಹೋದೆ. ಚಿತ್ರಮಂದಿರದಲ್ಲಿ ಕೈಬೆರಳೆಣಿಕೆಯ ಜನ. ನಾಯಕನಿಗೆ ಕ್ರೂರಿ ಅಪ್ಪ, ದುಃಖದ ಬಾಲ್ಯ, ಮೈಗೆ ಬಿದ್ದ ಸಿಂಹದ ರಕ್ತ. ಬೆಳೆದ ಮೇಲೆ ಅವನು ಪ್ರಾಣಿಗಳನ್ನು ಕೊಲ್ಲುವುದಿಲ್ಲ, ಪ್ರಾಣಿಗಳನ್ನು ಕೊಲ್ಲುವ ದುಷ್ಟರನ್ನು ಕೊಲ್ಲುತ್ತಾನೆ, ಬಗೆಬಗೆಯಾಗಿ, ದೊಡ್ಡವರಿಗೆ ಮಾತ್ರ ಎಂಬ ಚೀಟಿ ಅಂಟಿಸುವಷ್ಟು ರಕ್ತ ಚೆಲ್ಲಿ. ಕತ್ತರಿಯೂ ಇಲ್ಲ, ಬೇಲಿಯೂ ಇಲ್ಲ. ಕೊಲ್ಲುವ ಸ್ವಾತಂತ್ರ್ಯ ಸಿಕ್ಕ ಕೂಡಲೇ ಅವನಿಗೆ ತಡೆದುಕೊಳ್ಳುವ ಕೆಲಸವೇ ಉಳಿಯಲಿಲ್ಲ. ಒಳ್ಳೆಯವನೆಂದು ತೋರಿಸಬೇಕಾದ್ದರಿಂದ ಅವನಿಗಿಂತ ಕೆಟ್ಟವರನ್ನು ತಂದು ಸುತ್ತ ನಿಲ್ಲಿಸಿದರು, ಅಷ್ಟೇ. ನನಗೆ ಬೇಕಿದ್ದುದು ಒಳ್ಳೆಯವನಾದ ಕ್ರೇವನ್ ಅಲ್ಲವಲ್ಲ. ವೈರಿಯಾಗಿಯೇ ಇದ್ದು, ಎದುರಾಳಿ ಕೆಳಗೆ ಬಿದ್ದಾಗ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುವವನು. ಸಿನಿಮಾ ಗಲ್ಲಾಪೆಟ್ಟಿಗೆಯಲ್ಲಿ ನೆಲಕಚ್ಚಿತು. ಖುಷಿಯೇನೂ ಆಗಲಿಲ್ಲ. ಇನ್ನು ಎಷ್ಟೋ ವರ್ಷ ಅವನ ಕಡೆ ಯಾರೂ ತಿರುಗಿ ನೋಡುವುದಿಲ್ಲ ಎಂದಷ್ಟೇ ಅನ್ನಿಸಿತು.

ನಮ್ಮ ಕಡೆಯವರಿಗೆ ಇಂಥ ವೈರಿ ಹೊಸಬನಲ್ಲ. ಹತ್ತನೆಯ ಶತಮಾನದ ರನ್ನ ಗದಾಯುದ್ಧವನ್ನು ಬರೆಯಲು ಕೂತದ್ದು ಭೀಮನ ಸಾಹಸವನ್ನು ಹಾಡಲು. ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ಅಜ್ಜ ಬಯಲಾಟದಲ್ಲಿ ಗದಾಪರ್ವವಿದ್ದರೆ ಬೆಳಗಿನ ಜಾವದವರೆಗೂ ಕೂರುತ್ತಿದ್ದುದು ಕೌರವನಿಗಾಗಿಯೇ, ಅವನು ಸೋಲುತ್ತಾನೆಂದು ಗೊತ್ತಿದ್ದೂ. ಟಿವಿಯೆದುರು ಅವರು ಅಷ್ಟು ಸಲೀಸಾಗಿ ಆ ಪರದೇಶದ ಶಿಕಾರಿಯವನ ಪಕ್ಷ ವಹಿಸಿದ್ದು ಆ ಅಭ್ಯಾಸದಿಂದಲೇ ಇರಬೇಕು.

ಶನಿವಾರದ ಬೆಳಗೂ ಹೋಯಿತು. ಅಮೆರಿಕದ ಪ್ರಸಾರ ವಾಹಿನಿಗಳ ಪೈಕಿ ಕೊನೆಯದಾಗಿ ಉಳಿದಿದ್ದ ಶನಿವಾರದ ಕಾರ್ಟೂನು ಸರದಿ 2014ರ ಸೆಪ್ಟೆಂಬರ್ 27ಕ್ಕೆ ನಿಂತಿತು. ಹೊಸ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ 2016ರ ಜುಲೈಯಲ್ಲಿ ಕೈ ತೊಳೆದುಕೊಂಡಿತು. ಬೆಂಗಳೂರಿನಲ್ಲಿ ಹಳೆಯ ಮದುವೆ ಟೇಪುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಡುವ ಅಂಗಡಿಯೊಂದಕ್ಕೆ ನಮ್ಮ ಕ್ಯಾಸೆಟ್ಟು ಒಯ್ದೆ. ಅಂಗಡಿಯವರು ಬೂಷ್ಟು ನೋಡಿ ಮೂಗು ಮುರಿದು, ‘ಏನ್ ಸಾರ್, ಮದುವೆಯದಾ?’ ಎಂದರು. ಕಾರ್ಟೂನು ಅಂದಾಗ ನನ್ನನ್ನೊಮ್ಮೆ ಮೇಲಿಂದ ಕೆಳಕ್ಕೆ ನೋಡಿದರು. ‘ಯೂಟ್ಯೂಬಲ್ಲೇ ಇರತ್ತಲ್ಲ ಸಾರ್.’ ಹತ್ತಿಯಲ್ಲಿ ಒರೆಸಿ, ಹಿಂದೆ ಮುಂದೆ ಸುತ್ತಿ, ವಾರದ ಮೇಲೆ ಕೊಟ್ಟರು. ಮೊದಲ ಮುಕ್ಕಾಲು ಗಂಟೆ ಹೋಗಿಬಿಟ್ಟಿದೆ. ಕೊನೆಯದು ಉಳಿದಿದೆ. ಅವರ ಯಂತ್ರಕ್ಕೆ ಎನ್‌ಟಿಎಸ್‌ಸಿ ಬರುತ್ತದೆ, ಹಾಗಾಗಿ ಬಣ್ಣವೂ ಬಂದಿದೆ. ಇಪ್ಪತ್ತೆಂಟು ವರ್ಷದ ಮೇಲೆ ನಮ್ಮದೇ ಟೇಪಿನಲ್ಲಿ ಕ್ರೇವನ್‌ನನ್ನು ಬಣ್ಣದಲ್ಲಿ ನೋಡಿದೆ. ಚೆನ್ನಾಗಿಲ್ಲ. ಆ ಚಿರತೆ ಚಲ್ಲಣ ಬಣ್ಣದಲ್ಲಿ ನಗು ಬರಿಸುತ್ತದೆ. ರಿಮೋಟಿನಲ್ಲಿ ಬಣ್ಣ ಪೂರ್ತಿ ಇಳಿಸಿ ಇನ್ನೊಮ್ಮೆ ಹಾಕಿದೆ. ಪನಿಷರ್ ಟಾರ್ಚು ಬಿಟ್ಟ, ಕ್ರೇವನ್ ತಲೆಯೆತ್ತಿ ಗಾಳಿ ಮೂಸಿದ, ಚುಕ್ಕಿಗಳು ಬಂದವು.

ಆ ಫೈಲನ್ನು ಚಿಕ್ಕಪ್ಪನ ಮಗನಿಗೆ ವಾಟ್ಸ್ಯಾಪಿನಲ್ಲಿ ಕಳಿಸಿದೆ. ಅವನಿಗೀಗ ನಲವತ್ತು. ಅವನ ಮಗನಿಗೂ ಅವನು ಆಗ ಇದ್ದಷ್ಟೇ ವಯಸ್ಸು. ‘ನೀನು ಅಳಿಸಬೇಡಿ ಎಂದು ಬರೆದಿದ್ದ ಟೇಪು. ಅಜ್ಜ ಕೇಳುತ್ತಿದ್ದರಲ್ಲ, ಆ ಬೇಟೆಗಾರ, ಅವನು ಹೊಡೆಯುವುದಿಲ್ಲವಂತೆ’ ಎಂದು ಬರೆದೆ. ನೀಲಿ ಗೀಟು ಎರಡೂ ಬಂದವು. ಸ್ವಲ್ಪ ಹೊತ್ತಿನ ಮೇಲೆ ಉತ್ತರ ಬಂತು. ಹಾಲಿಗೆ ಹಾಕುವ ಆ ಬಣ್ಣದ ಕಾಳಿನ ಜಾಹೀರಾತು ಎಷ್ಟು ವರ್ಷದಿಂದ ಹುಡುಕುತ್ತಿದ್ದೆ ಗೊತ್ತಾ, ಈಗ ಅದು ಸಿಗುವುದೇ ಇಲ್ಲ ಎಂದು ಬರೆದು, ಮೂರು ನಗುವ ಮುಖ ಹಾಕಿದ್ದ. ಅದರ ಕೆಳಗೆ ಇನ್ನೊಂದು ಸಾಲು.

‘ಯಾವ ಬೇಟೆಗಾರ?’